ಎಲ್ಲ ಹಾಸಿಗೆಯಲ್ಲೂ ನಾಡಿ 72: ನರ್ಸಿಂಗ್ ಮಕ್ಕಳಿಗೆ ವೃತ್ತಿಧರ್ಮ ಕಲಿಸುವುದು ಹೇಗೆ?

ಪಾಠದ ಅಕ್ಕ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು ಒಂಬತ್ತು ವರ್ಷ ವಾರ್ಡಿನಲ್ಲಿ ದುಡಿದವಳು. ಬಿ.ಎಸ್ಸಿ. ನರ್ಸಿಂಗಿನ ನಾಲ್ಕನೇ ಸೆಮಿಸ್ಟರಿನಲ್ಲಿ ವೃತ್ತಿಮೌಲ್ಯ ಮತ್ತು ನೀತಿಶಾಸ್ತ್ರ ಎಂಬ ಪತ್ರಿಕೆ ಇದೆ, 20 ಗಂಟೆಯದು. ಈ ವರ್ಷ ಅದು ನನ್ನ ಕೊರಳಿಗೆ ಬಿದ್ದಿದೆ. ಯಾರೂ ಕೇಳಿ ಪಡೆಯುವ ಪಾಠವಲ್ಲ. ವೇಳಾಪಟ್ಟಿಯಲ್ಲಿ ಮಧ್ಯಾಹ್ನದ ಊಟ ಮುಗಿದ ತಕ್ಷಣದ ಗಂಟೆಗೆ ತಳ್ಳಿದ್ದಾರೆ.

ಕಳೆದ ವಾರ ಮಕ್ಕಳನ್ನು ಕರೆದುಕೊಂಡು ಗಂಡಸರ ಮೆಡಿಕಲ್ ವಾರ್ಡಿಗೆ ಹೋಗಿದ್ದೆ. ಬೆಳಗಿನ ಆರು ಗಂಟೆಯ ಟಿಪಿಆರ್ ಚಾರ್ಟುಗಳನ್ನು ತಿರುವಿದೆ. 9ರಿಂದ 20ನೇ ಹಾಸಿಗೆಯವರೆಗೆ ಎಲ್ಲರ ಜ್ವರ 98.6, ನಾಡಿ 72, ಉಸಿರಾಟ 18. ಹನ್ನೆರಡು ಜನ, ಒಂದೇ ದೇಹ. ಅದರಲ್ಲಿ 14ನೇ ಹಾಸಿಗೆಯವರು ಹಿಂದಿನ ಸಂಜೆಯೇ ಡಿಸ್ಚಾರ್ಜ್ ಆಗಿ ಜಗಳೂರಿನ ಬಸ್ಸು ಹತ್ತಿದ್ದರು. ಹಾಸಿಗೆಯ ಮೇಲೆ ಚಾದರವೂ ಇರಲಿಲ್ಲ. ಫೈಲು ಇನ್ನೂ ವಾರ್ಡಿನಲ್ಲೇ ಉಳಿದಿತ್ತು, ಅದರಲ್ಲಿ ಅವರ ನಾಡಿ ನಿಮಿಷಕ್ಕೆ 72ರಂತೆ ಹೊಡೆದುಕೊಳ್ಳುತ್ತಿತ್ತು.

ಬರೆದವಳು ನನ್ನ ವಿದ್ಯಾರ್ಥಿನಿ. ರಾತ್ರಿ ಪಾಳಿಗೆ ಹಾಕಿದ್ದೆವು. ಕರೆದು ಕೇಳಿದರೆ ಅತ್ತಳು. "ಮೇಡಂ, 38 ಜನರಿದ್ದರು. ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೆ ಚಾರ್ಟು ಖಾಲಿ ಇರಬಾರದು, ಹೀಗೇ ತುಂಬಿಸು ಎಂದು ಸಿಸ್ಟರ್ ಹೇಳಿದರು" ಎಂದಳು. ನನ್ನದೇ ಕಿರುಪರೀಕ್ಷೆಯಲ್ಲಿ 25ಕ್ಕೆ 23 ತೆಗೆದ ಹುಡುಗಿ ಇವಳು. ದಾಖಲೆಯ ಸತ್ಯತೆ ಕುರಿತು ಎರಡು ಪುಟ ಬರೆದಿದ್ದಳು, ಅಕ್ಷರವೂ ಮುತ್ತಿನಂತಿತ್ತು.

ಪ್ರಾಂಶುಪಾಲರಿಗೆ ಹೇಳಿದೆ. ಒಂದು ದಿನದ 'ನೈತಿಕತೆ ಜಾಗೃತಿ' ಕಾರ್ಯಕ್ರಮ ಇಟ್ಟುಕೊಳ್ಳೋಣ, ದೀಪ ಬೆಳಗಿಸಿ ಪ್ರತಿಜ್ಞೆ ಮಾಡಿಸೋಣ ಎಂದರು. ನನ್ನ ಪ್ರಶ್ನೆ ಎರಡೇ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ನೆನಪಿಗೆ ಬರುವಂತೆ ಇದನ್ನು ಕಲಿಸುವುದು ಹೇಗೆ? ಆ ಹುಡುಗಿಯ ಮೇಲೆ ಲಿಖಿತ ದೂರು ಕೊಡಬೇಕೇ?

ಮಂಡಕ್ಕಿ ಮಿರ್ಚಿ

ಒಂದು ದಿನದ ಕಾರ್ಯಕ್ರಮ ಎಂದರೆ ಶಾಲು, ಹಾರ, ಉಪ್ಪಿಟ್ಟು, ಗುಂಪು ಫೋಟೊ. ಫೋಟೊದ ಕೆಳಗೆ ಹೆಸರು ತಪ್ಪಾಗಿದೆ ಎಂದು ಸಂಜೆ ಜಗಳ.

ಹೊಳಲ್ಕೆರೆಯ ಅಪ್ಪ

ಮೇಡಂ, ನೀವು ಚಾರ್ಟು, ನಾಡಿ ಎನ್ನುತ್ತಿದ್ದೀರಿ. ನಾವು ಕಂಡದ್ದು ಬೇರೆ. ಎರಡು ವರ್ಷದ ಹಿಂದೆ ಮಗಳ ಹೆರಿಗೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ಮೊಮ್ಮಗನ ಚುಚ್ಚುಮದ್ದಿಗೆ ಇನ್ನೂ ಅಲ್ಲಿಗೇ ಹೋಗಬೇಕು. ಒಳಗೆ ಹುಡುಗಿ ನೋವಿನಿಂದ ಕೂಗಿದರೆ "ಆಗ ಸುಮ್ಮನಿದ್ದೆಯಲ್ಲ, ಈಗ ಏಕೆ ಕೂಗುತ್ತೀಯಾ" ಎಂದು ತೊಡೆಗೆ ಹೊಡೆದಿದ್ದಾರೆ. ಅವಳು ಅದನ್ನು ಅಮ್ಮನಿಗೆ ಹೇಳಿದ್ದು ಮೂರು ತಿಂಗಳಾದ ಮೇಲೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದವರು ಕೈಗೆ ಕೊಡಲಿಲ್ಲ, ಎದೆಗೆ ಅವುಚಿಕೊಂಡು ನಿಂತರು. ಗಂಡಾದರೆ ಸಾವಿರ, ಹೆಣ್ಣಾದರೆ ಐನೂರು. ದರಪಟ್ಟಿ ಗೋಡೆಯ ಮೇಲೆ ಬರೆದಿರಲಿಲ್ಲ ಅಷ್ಟೇ. ಆರುನೂರು ಇತ್ತು, ಕೊಟ್ಟೆ. ಉಳಿದ ನಾನೂರು ನಾಳೆ ಕೊಡುತ್ತೇನೆ ಎಂದು ನನ್ನ ಮೊಮ್ಮಗನನ್ನು ಸಾಲದಲ್ಲಿ ಬಿಡಿಸಿಕೊಂಡೆ.

ಇದಕ್ಕೆ ಯಾವ ಸೆಮಿಸ್ಟರಿನಲ್ಲಿ ಪಾಠ ಇದೆ?

ಹಳೇ ಇನ್‌ಚಾರ್ಜ್

ಯಜಮಾನರೇ, ಓದಿ ತಲೆ ತಗ್ಗಿಸಿದೆ. ಮೂವತ್ತೊಂದು ವರ್ಷ ಸರ್ಕಾರಿ ಸೇವೆ ಮಾಡಿ ನಿವೃತ್ತಳಾಗಿದ್ದೇನೆ, ಅದರಲ್ಲಿ ಹನ್ನೊಂದು ವರ್ಷ ಹೆರಿಗೆ ವಾರ್ಡು. ನೀವು ಹೇಳಿದ್ದು ಸುಳ್ಳಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ನಿವೃತ್ತಿಯಾಗಬೇಕಾಯಿತು, ಅದೇ ನಾಚಿಕೆ.

ಆದರೆ ಪಾಠದ ಅಕ್ಕನ ಚಾರ್ಟನ್ನು ಸಣ್ಣದು ಎನ್ನಬೇಡಿ. ನನ್ನ ಕೈಕೆಳಗೆ ಬಂದ ಹುಡುಗಿಯರಲ್ಲಿ ಮೊದಲ ದಿನವೇ ಬಾಗಿಲಿಗೆ ಬಂದು ಕೈ ಚಾಚಿದವರು ಒಬ್ಬರೂ ಇಲ್ಲ. ಎಲ್ಲರೂ ಮೊದಲು ಚಾರ್ಟು ತುಂಬಿಸಿದವರೇ. ನೋಡದ ನಾಡಿಯನ್ನು ನೋಡಿದೆ ಎಂದು ಬರೆದಾಗ ಯಾರೂ ಕೇಳಲಿಲ್ಲ. ಆಮೇಲೆ ಕೊಡದ ಮಾತ್ರೆಯನ್ನು ಕೊಟ್ಟೆ ಎಂದು ಬರೆದರು. ಆ ಮಾತ್ರೆ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಕೈ ಚಾಚುವುದು ಬಹಳ ದೂರದ ಊರೇನಲ್ಲ, ಮೂರನೇ ನಿಲ್ದಾಣ.

ಹುಡುಗಿಯ ಮೇಲೆ ದೂರು ಬೇಡ. "ಹೀಗೇ ತುಂಬಿಸು" ಎಂದ ಸಿಸ್ಟರ್ ಜೊತೆ ಮಾತಾಡಿ. ಮಕ್ಕಳು ನಿಮ್ಮಿಂದ ಕಲಿಯುವುದು 20 ಗಂಟೆ, ಅವರಿಂದ ಕಲಿಯುವುದು ನೂರಾರು ಗಂಟೆ.

ರಾತ್ರಿ ಪಾಳಿ

ಎಲ್ಲರೂ ನೀತಿ ಹೇಳುತ್ತಿದ್ದೀರಿ, ಯಾರೂ ಲೆಕ್ಕ ಹೇಳುತ್ತಿಲ್ಲ. ಆ ರಾತ್ರಿ 38 ರೋಗಿಗಳಿಗೆ ಎಷ್ಟು ಜನ ನರ್ಸ್‌ಗಳಿದ್ದರು ಎಂದು ಯಾರಾದರೂ ಕೇಳಿದಿರಾ?

ಕೇಂದ್ರ ಸರ್ಕಾರದ ಸಿಬ್ಬಂದಿ ಪರಿಶೀಲನಾ ಘಟಕದ ಮಾನದಂಡದಲ್ಲಿ ಸಾಮಾನ್ಯ ವಾರ್ಡಿನ ಆರು ರೋಗಿಗಳಿಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬರು. ನಾನಿರುವ ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಒಬ್ಬಳೇ 26 ಜನರನ್ನು ನೋಡುತ್ತೇನೆ. ಒಬ್ಬರ ಜ್ವರ, ನಾಡಿ, ಉಸಿರಾಟ, ರಕ್ತದೊತ್ತಡ ಸರಿಯಾಗಿ ನೋಡಿ ಬರೆಯುವುದಕ್ಕೆ ನಾಲ್ಕೈದು ನಿಮಿಷ ಬೇಕು. 26 ಜನರಿಗೆ ಎರಡು ಗಂಟೆ. ಅಷ್ಟರಲ್ಲಿ ಮೂವರ ಡ್ರಿಪ್ ಮುಗಿದಿರುತ್ತದೆ, ಒಬ್ಬರ ಕ್ಯಾನುಲಾ ಕಿತ್ತುಬಂದಿರುತ್ತದೆ, ಇನ್ನೊಬ್ಬರ ಕಡೆಯವರು "ಸಿಸ್ಟರ್, ಫ್ಯಾನು ತಿರುಗುತ್ತಿಲ್ಲ" ಎಂದು ಬಂದಿರುತ್ತಾರೆ.

ಸಂಬಳದ ಮಾತೂ ಬರಲಿ. ಸುಪ್ರೀಂ ಕೋರ್ಟ್ ಸೂಚನೆಯ ಮೇರೆಗೆ ರಚಿಸಿದ ಸಮಿತಿ 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗೆ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ನಾನು ಸೇರಿದಾಗ ಕೈಗೆ ಬಂದದ್ದು 11,500. ಮೂಲ ಅಂಕಪಟ್ಟಿ ಅವರ ಬೀರುವಿನಲ್ಲಿ. ಬಿಟ್ಟು ಹೋಗಬೇಕೆಂದರೆ ಎರಡು ವರ್ಷದ ಬಾಂಡ್. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ನಮ್ಮ ನೀತಿಪಾಠ ಆ ಮಲ್ಲಿಗೆ.

ಹೊಳಲ್ಕೆರೆಯ ಅಪ್ಪ

ತಾಯಿ, ನಿಮ್ಮ ಕಷ್ಟ ನಿಜ. ಆದರೆ ನನ್ನ ಮೊಮ್ಮಗನನ್ನು ಹಿಡಿದುಕೊಂಡು ನಿಂತವರಿಗೆ ಸರ್ಕಾರದ ಸಂಬಳ ಬರುತ್ತಿತ್ತು. ಕಡಿಮೆಯೇನಲ್ಲ.

ರಾತ್ರಿ ಪಾಳಿ

ಅದಕ್ಕೆ ನನ್ನ ಬಳಿ ಉತ್ತರವಿಲ್ಲ ಸರ್. ಹಣ ಕೇಳುವುದನ್ನು ನಾನು ಸಮರ್ಥಿಸುತ್ತಿಲ್ಲ. ಚಾರ್ಟು ಬೇರೆ, ಹೊಡೆತ ಬೇರೆ, ಹಣ ಬೇರೆ. ಮೂರನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಬೇಡಿ ಎನ್ನುತ್ತಿದ್ದೇನೆ.

ಕಪ್ಪು ಕೋಟು (ಚಿತ್ರದುರ್ಗ)

ಚೀಲ ಬಿಚ್ಚುವ ಕೆಲಸ ನನ್ನದು, ಆದ್ದರಿಂದ ನಾಲ್ಕು ಮಾತು.

ಕೆಲಸದ ಒತ್ತಡದಲ್ಲಿ ಆದ ತಪ್ಪು, ಗೊತ್ತಿದ್ದೂ ತೋರಿದ ನಿರ್ಲಕ್ಷ್ಯ, ಬೇಕೆಂದೇ ಮಾಡಿದ ದುರ್ನಡತೆ ಈ ಮೂರಕ್ಕೂ ಬೇರೆ ಬೇರೆ ದಾರಿ. ಸರ್ಕಾರಿ ನೌಕರರು ಹಣ ಕೇಳಿದರೆ ಅದು ಭ್ರಷ್ಟಾಚಾರ ತಡೆ ಕಾಯ್ದೆಗೆ ಬರುತ್ತದೆ, ಲೋಕಾಯುಕ್ತಕ್ಕೆ ದೂರು ಕೊಡಬಹುದು. ನರ್ಸ್ ನೋಂದಣಿಯ ವಿಷಯ ರಾಜ್ಯ ಶುಶ್ರೂಷಾ ಪರಿಷತ್ತಿನದು. 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿದೆ. ಅದರಲ್ಲಿ ವೃತ್ತಿನೀತಿ ಮತ್ತು ನೋಂದಣಿಗೆಂದೇ ಒಂದು ಮಂಡಳಿಯನ್ನು ಹೇಳಲಾಗಿದೆ.

ಅಕ್ಕ, ತರಗತಿಯಲ್ಲಿ ಹೇಳಲು ಒಂದು ತೀರ್ಪು ಕೊಡುತ್ತೇನೆ. 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣ. ಟೈಫಾಯ್ಡ್ ಎಂದು ದಾಖಲಾದ ಮಗು. ನರ್ಸ್ ಒಬ್ಬರು ಅಪ್ಪನ ಕೈಗೆ ಚೀಟಿ ಕೊಟ್ಟು ಇಂಜೆಕ್ಷನ್ ತರಿಸಿದರು, ನರಕ್ಕೆ ಕೊಟ್ಟರು, ಮಗು ಅಲ್ಲೇ ಕುಸಿಯಿತು. ಕೊಡಬೇಕಾಗಿದ್ದ ಔಷಧಿಯ ಬದಲು ಬೇರೆಯದು ಹೋಗಿತ್ತು. ಮಗುವಿನ ಮೆದುಳಿಗೆ ಸರಿಪಡಿಸಲಾಗದ ಹಾನಿ. ವಿಚಾರಣೆಯಲ್ಲಿ ತಿಳಿದದ್ದು, ಆಕೆ ಅರ್ಹ ನರ್ಸ್ ಅಲ್ಲವೇ ಅಲ್ಲ. ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ಪರಿಹಾರವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಣ ಕಟ್ಟಬೇಕಾದದ್ದು ಆಸ್ಪತ್ರೆ. ಅಂಥವರನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು ಎಂಬುದು ಅಲ್ಲಿಯ ಮುಖ್ಯ ಪ್ರಶ್ನೆ.

ಗಡಿಯಾರ ಕಂಬ

ಪಕ್ಕದ ಹಾವೇರಿ ಜಿಲ್ಲೆಯದು ಮರೆತಿರಾ? 2025ರ ಜನವರಿಯಲ್ಲಿ ಏಳು ವರ್ಷದ ಹುಡುಗನ ಕೆನ್ನೆಯ ಗಾಯಕ್ಕೆ ಹೊಲಿಗೆ ಹಾಕುವ ಬದಲು ನರ್ಸ್ ಒಬ್ಬರು ಅಂಗಡಿಯಲ್ಲಿ ಸಿಗುವ ಅಂಟು ಹಚ್ಚಿದ್ದರು. ಹೆತ್ತವರು ವಿಡಿಯೊ ಮಾಡಿದರು. ಮೊದಲು ಬೇರೆ ಕಡೆಗೆ ವರ್ಗ ಮಾಡಿದರು, ಜನ ಕೂಗಾಡಿದ ಮೇಲೆ ಅಮಾನತು. ವರ್ಗ ಎಂಥ ಶಿಕ್ಷೆ? ಅಂಟಿನ ಡಬ್ಬಿ ಇನ್ನೊಂದು ಊರಿಗೆ ಹೋಯಿತು, ಅಷ್ಟೇ.

ಐಸಿಯು ಬ್ರದರ್

ಅದರಲ್ಲಿ ನನಗೆ ಕಾಡಿದ ಸಂಗತಿ ಬೇರೆ. ಮುಖದ ಮೇಲೆ ಹೊಲಿಗೆಯ ಗುರುತು ಉಳಿಯುತ್ತದೆ, ಅದಕ್ಕೇ ಹೀಗೆ ಮಾಡಿದೆ ಎಂದು ಅವರು ಹೇಳಿದ್ದು ವರದಿಯಾಗಿತ್ತು. ಎಂದರೆ ಕೆಟ್ಟದ್ದು ಮಾಡುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಹುಡುಗನ ಮುಖ ಚೆನ್ನಾಗಿರಲಿ ಎಂಬ ಅಕ್ಕರೆಯೂ ಇದ್ದಿರಬಹುದು. ಗಾಯಕ್ಕೆ ಬಳಸುವ ವೈದ್ಯಕೀಯ ಅಂಟು ಬೇರೆ ಇದೆ, ಅದು ಅಂಗಡಿಯ ಅಂಟಲ್ಲ. ಅರ್ಧ ತಿಳಿದವರಿಗೆ ಎರಡೂ ಒಂದೇ. ಒಳ್ಳೆಯ ಮನಸ್ಸು ಇದ್ದರೆ ಸಾಕು ಎಂದು ಕಲಿಸುವ ನೀತಿಪಾಠಕ್ಕೆ ಇಲ್ಲಿ ಏನು ಉತ್ತರ? ತನಗೆ ಗೊತ್ತಿಲ್ಲದ್ದನ್ನು ಮಾಡದಿರುವುದೂ ವೃತ್ತಿಧರ್ಮವೇ.

ಗಡಿಯಾರ ಕಂಬ

ಬ್ರದರ್, ಅಕ್ಕರೆ ಎಂದು ನೀವು ಹೇಳಬಹುದು. ನನ್ನ ಮಗನ ಕೆನ್ನೆಯಾಗಿದ್ದರೆ?

ಐಸಿಯು ಬ್ರದರ್

ಅಮಾನತು ತಪ್ಪು ಎಂದು ನಾನು ಎಲ್ಲಿ ಹೇಳಿದೆ? ಪಾಠದಲ್ಲಿ ಈ ಉದಾಹರಣೆಯನ್ನು 'ಕೆಟ್ಟ ನರ್ಸ್' ಎಂದು ಮುಗಿಸಿಬಿಟ್ಟರೆ ಮಕ್ಕಳು "ನಾವು ಕೆಟ್ಟವರಲ್ಲ" ಎಂದು ಆಕಳಿಸಿ ಕುಳಿತುಕೊಳ್ಳುತ್ತಾರೆ.

ಮಂಡಕ್ಕಿ ಮಿರ್ಚಿ

ಚಿತ್ರದುರ್ಗದವರು ಸುಮ್ಮನಿದ್ದೀರಲ್ಲ? 2024ರ ಫೆಬ್ರವರಿಯಲ್ಲಿ ನಿಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮದುವೆಗೆ ಮುಂಚಿನ ಫೋಟೊ ಚಿತ್ರೀಕರಣ ಮಾಡಿ ಗುತ್ತಿಗೆ ವೈದ್ಯರು ಕೆಲಸ ಕಳೆದುಕೊಂಡದ್ದು ನೆನಪಿದೆಯೇ? ನೀತಿಪಾಠ ನರ್ಸ್‌ಗಳಿಗೆ ಮಾತ್ರ ಏಕೆ, ಡಾಕ್ಟರುಗಳಿಗೂ ಇರಲಿ.

ಕಪ್ಪು ಕೋಟು (ಚಿತ್ರದುರ್ಗ)

ನೆನಪಿದೆ, ನೆನಪಿದೆ. ಕೋಟೆಯ ಮೇಲೆ ಇಷ್ಟು ಬಂಡೆ ಇದ್ದರೂ ಅವರಿಗೆ ಜಾಗ ಸಿಗಲಿಲ್ಲ.

ಎಂ.ಎಸ್ಸಿ. ಓದುತ್ತಿರುವವಳು

ದೀಪ ಬೆಳಗಿಸಿ ಪ್ರತಿಜ್ಞೆ ಮಾಡಿಸುತ್ತಾರಲ್ಲ, ಅದರ ಬಗ್ಗೆ ಒಂದು ತಿದ್ದುಪಡಿ. ಎಲ್ಲ ಕಾಲೇಜಿನಲ್ಲೂ 'ನೈಟಿಂಗೇಲ್ ಅವರ ಪ್ರತಿಜ್ಞೆ' ಎಂದು ಹೇಳಿಸುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್ ಅದನ್ನು ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ನರ್ಸಿಂಗ್ ಶಾಲೆಯಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಜೊತೆಗಾರರು ಸಿದ್ಧಪಡಿಸಿದ್ದು, ನೈಟಿಂಗೇಲ್ ಹೆಸರನ್ನು ಗೌರವಕ್ಕೆ ಇಟ್ಟರು. ಅದರಲ್ಲಿ ವೈದ್ಯರ ಕೆಲಸದಲ್ಲಿ ನಿಷ್ಠೆಯಿಂದ ನೆರವಾಗುತ್ತೇನೆ ಎಂಬ ಮಾತು ಇದೆ. ಅಂತರರಾಷ್ಟ್ರೀಯ ಶುಶ್ರೂಷಾ ಪರಿಷತ್ತು 1953ರಲ್ಲಿ ಮೊದಲ ನೀತಿಸಂಹಿತೆ ತಂದಾಗಲೂ ವೈದ್ಯರ ಆದೇಶವನ್ನು ನಿಷ್ಠೆಯಿಂದ ಪಾಲಿಸಬೇಕು ಎಂದೇ ಇತ್ತು. 1973ರಲ್ಲಿ ಅದನ್ನು ಬದಲಿಸಿ, ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದ ಜನರಿಗೆ ಎಂದು ಬರೆದರು. ನಮ್ಮ ದೇಶದ ಪರಿಷತ್ತು 2006ರಲ್ಲಿ ತಂದ ಸಂಹಿತೆಯಲ್ಲೂ ರೋಗಿಯ ಹಕ್ಕು, ಗೋಪ್ಯತೆ ಎಲ್ಲ ಇದೆ. ಹೀಗಿದ್ದೂ ವೇದಿಕೆಯ ಮೇಲೆ ಮಕ್ಕಳ ಬಾಯಲ್ಲಿ ಇನ್ನೂ 1893. "ಸಿಸ್ಟರ್ ತುಂಬಿಸು ಎಂದರು, ತುಂಬಿಸಿದೆ" ಎಂದ ಹುಡುಗಿ ಪ್ರತಿಜ್ಞೆಯನ್ನು ಮುರಿದಿಲ್ಲ, ಪಾಲಿಸಿದ್ದಾಳೆ!

ಹಳೇ ಇನ್‌ಚಾರ್ಜ್

ಶಹಬ್ಬಾಸ್. ಇದು ನನಗೂ ಗೊತ್ತಿರಲಿಲ್ಲ. ನಲವತ್ತು ವರ್ಷದ ಹಿಂದೆ ಬಿಳಿ ಸೀರೆ ಉಟ್ಟು, ಮೇಣದಬತ್ತಿಯ ಬಿಸಿಗೆ ಬೆರಳು ಸುಟ್ಟುಕೊಂಡು ಅದನ್ನೇ ಹೇಳಿದ್ದೆ.

ಮೂರನೇ ವರ್ಷ

ನಾನು ವಿದ್ಯಾರ್ಥಿನಿ, ಬೇರೆ ಕಾಲೇಜು. ಒಂದು ಮಾತು ಕೇಳುತ್ತೇನೆ, ಬೈಯಬೇಡಿ. ಸಿಸ್ಟರ್ ಮಾತು ಕೇಳದಿದ್ದರೆ ಪ್ರಾಯೋಗಿಕ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. "ಆಗುವುದಿಲ್ಲ" ಎಂದು ಹೇಳುವುದು ಹೇಗೆ ಎಂದು ಮಾತ್ರ ಯಾವ ಮೇಡಂ ಕೂಡ ಕಲಿಸಿಲ್ಲ. ಯಾವ ಮಾತಿನಲ್ಲಿ ಹೇಳಬೇಕು, ನಗುತ್ತಾ ಹೇಳಬೇಕೋ, ಯಾರ ಮುಂದೆ ಹೇಳಬೇಕೋ. ಅದನ್ನು ಕಲಿಸಿ.

ರಾತ್ರಿ ಪಾಳಿ

ತಂಗಿ, ನಾನು ಹೇಳುವ ರೀತಿ ಇದು: "ಸಿಸ್ಟರ್, 20ರವರೆಗೆ ನೋಡಿದ್ದೇನೆ, ಉಳಿದದ್ದು ಆಗಲಿಲ್ಲ, ಖಾಲಿ ಬಿಟ್ಟಿದ್ದೇನೆ." ಅಷ್ಟೇ. ನೀವು ಸುಳ್ಳು ಬರೆಯಲು ಹೇಳುತ್ತಿದ್ದೀರಿ ಎಂದು ಹೇಳಬಾರದು, ಅವರ ಮಾನಕ್ಕೆ ಬೀಳುತ್ತದೆ. ಖಾಲಿ ಜಾಗ ಪ್ರಾಮಾಣಿಕವಾದದ್ದು. ಡಾಕ್ಟರು ಬೈಯುತ್ತಾರೆ, ಬೈಯಲಿ. ಖಾಲಿ ಇದ್ದರೆ ಅವರು ಮತ್ತೆ ನೋಡಿಸುತ್ತಾರೆ. 72 ಎಂದಿದ್ದರೆ ನೋಡಿಸುವುದೇ ಇಲ್ಲ.

ನಿಟ್ಟುವಳ್ಳಿ ನಿವಾಸಿ

ಇಷ್ಟೆಲ್ಲ ಮಾತಾಡುವ ಪಾಠದ ಅಕ್ಕನಿಗೆ ನೇರ ಪ್ರಶ್ನೆ. ನಿಮ್ಮ ಕಾಲೇಜಿನಲ್ಲಿ ತರಗತಿಗೇ ಬಾರದೆ ಹಾಜರಾತಿ ಪಡೆಯುವ ವಿದ್ಯಾರ್ಥಿಗಳು ಎಷ್ಟು ಜನ? ತಪಾಸಣೆಯ ದಿನ ಮಾತ್ರ ಕಾಣಿಸಿಕೊಳ್ಳುವ ಬೋಧಕರು ಎಷ್ಟು ಜನ? ನನ್ನ ತಂಗಿ ಇಂಥದ್ದೇ ಒಂದು ಕಾಲೇಜಿನಲ್ಲಿ ಓದಿದಳು. ಇಪ್ಪತ್ತು ಹೆರಿಗೆ ಮಾಡಿಸಿದ್ದೇನೆ ಎಂದು ಅವಳ ಪುಸ್ತಕದಲ್ಲಿ ಬರೆದಿದೆ, ಅವಳು ನಿಂತು ನೋಡಿದ್ದು ನಾಲ್ಕು. ಬರೆಸಿ ಸಹಿ ಹಾಕಿದ್ದು ಅವಳ ಮೇಡಂ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹೊಸ ಸುಳ್ಳೇನು, ಕಾಲೇಜು ಕಲಿಸಿದ್ದನ್ನೇ ಹುಡುಗಿ ವಾರ್ಡಿನಲ್ಲಿ ಮಾಡಿದ್ದಾಳೆ.

ಮಂಡಕ್ಕಿ ಮಿರ್ಚಿ

ಬಿತ್ತು ನೋಡಿ ಬಾಂಬು.

ಪಾಠದ ಅಕ್ಕ (ದಾವಣಗೆರೆ)

ನಿನ್ನೆಯಿಂದ ಇದಕ್ಕೆ ಉತ್ತರ ಬರೆದು ಅಳಿಸುತ್ತಿದ್ದೇನೆ. ಎಣಿಕೆ ಕೇಳಬೇಡಿ, ಅನ್ನ ಕೊಡುವ ಸಂಸ್ಥೆ. ನನ್ನದನ್ನು ಮಾತ್ರ ಹೇಳುತ್ತೇನೆ. ಮಾಡದ ಹೆರಿಗೆಗೆ ನಾನೂ ಸಹಿ ಹಾಕಿದ್ದೇನೆ. ಪರೀಕ್ಷೆಗೆ ಮೂರು ದಿನ ಇತ್ತು, ಮಕ್ಕಳು ಬಾಗಿಲ ಮುಂದೆ ಸಾಲು ನಿಂತಿದ್ದರು, ಪುಸ್ತಕಗಳ ರಾಶಿ ಮೊಣಕೈಯವರೆಗೆ ಇತ್ತು. ಒಂದೊಂದನ್ನೇ ತೆರೆದು, ಪುಟ ನೋಡದೆ ಸಹಿ ಹಾಕಿದೆ. ಆ ಹುಡುಗಿ 72 ಬರೆಯುವಾಗ ಅವಳ ಕೈ ಹೇಗೆ ಓಡಿರಬಹುದು ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಕೈಯೂ ಹಾಗೇ ಓಡಿತ್ತು.

ಹಳೇ ಇನ್‌ಚಾರ್ಜ್

ಇದನ್ನೇ ತರಗತಿಯಲ್ಲಿ ಹೇಳಿ. ಸ್ಲೈಡು ಬೇಡ.

ನನಗಾದ ಒಂದು ಘಟನೆ ಹೇಳುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ಸೇವೆಗೆ ಸೇರಿ ಎರಡನೇ ವರ್ಷ. ಬಟ್ಟಿ ಇಳಿಸಿದ ನೀರಿನ ಆಂಪೂಲು, ಎಂದರೆ ಮುಚ್ಚಿದ ಪುಟ್ಟ ಶೀಶೆ, ತೆಗೆದುಕೊಂಡು ಪುಡಿ ಔಷಧಿ ಕರಗಿಸಬೇಕಿತ್ತು. ಟ್ರೇಯಲ್ಲಿ ಕೈ ಹಾಕಿದೆ, ಹತ್ತು ಮಿಲಿಲೀಟರಿನ ಆಂಪೂಲು, ಕುತ್ತಿಗೆ ಮುರಿದೆ, ಸಿರಿಂಜಿಗೆ ಎಳೆದೆ. ಖಾಲಿ ಆಂಪೂಲನ್ನು ಎಸೆಯುವಾಗ ಹೆಸರಿನ ಮೇಲೆ ಬೆಳಕು ಬಿತ್ತು. ಪೊಟ್ಯಾಸಿಯಂ ಕ್ಲೋರೈಡ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದನ್ನು ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿ ಹನಿಹನಿಯಾಗಿ ಕೊಡಬೇಕು. ಹಾಗೆಯೇ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಎದುರಿಗೆ ಚನ್ನಗಿರಿ ಕಡೆಯ ಅಡಿಕೆ ತೋಟದ ಅಜ್ಜ, ತೋಳು ಚಾಚಿಕೊಂಡು ಕಾಯುತ್ತಿದ್ದರು. "ಯಾಕವ್ವ, ಕೈ ನಡುಗುತ್ತಿದೆ?" ಎಂದರು.

ಸಿರಿಂಜನ್ನು ಸಿಂಕಿಗೆ ಖಾಲಿ ಮಾಡಿ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಇನ್‌ಚಾರ್ಜ್ ಬಳಿ ಹೋಗಿ ಹೇಳಿದೆ. ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡಿದ್ದೆ, ಆ ಕಾಲದಲ್ಲಿ ಬಾರಿಸುತ್ತಿದ್ದರು. ಆಕೆ ಎದ್ದು, ಟ್ರೇಯನ್ನು ತಾವೇ ಎತ್ತಿಕೊಂಡು ಹೋಗಿ, ಅಂಥ ಆಂಪೂಲುಗಳನ್ನೆಲ್ಲ ಆರಿಸಿ ಬೀರುವಿನ ಮೇಲಿನ ಗೂಡಿನಲ್ಲಿಟ್ಟು ಕೆಂಪು ಕಾಗದ ಅಂಟಿಸಿ ಬೀಗ ಹಾಕಿದರು. ಆಮೇಲೆ ಪಾಳಿ ಬದಲಾಗುವಾಗ ಎಲ್ಲರ ಮುಂದೆ, "ನಮ್ಮ ಹುಡುಗಿ ಇವತ್ತು ಒಂದು ಆಂಪೂಲನ್ನು ಓದಿದಳು, ನೀವೂ ಓದಿ" ಎಂದರು. ಮೂವತ್ತು ವರ್ಷ ನಾನು ಓದದೆ ಒಂದು ಆಂಪೂಲೂ ಮುರಿಯಲಿಲ್ಲ.

ಐಸಿಯು ಬ್ರದರ್

ಅಮ್ಮ, ನಿಮಗೆ ಅಂಥ ಇನ್‌ಚಾರ್ಜ್ ಸಿಕ್ಕರು. ಅಮೆರಿಕದ ಟೆನೆಸಿಯಲ್ಲಿ 2017ರಲ್ಲಿ ಒಬ್ಬ ನರ್ಸ್ ನಿದ್ರೆಯ ಔಷಧಿಯ ಬದಲು ಸ್ನಾಯು ಸಡಿಲಿಸುವ ವೆಕ್ಯುರೋನಿಯಂ ಕೊಟ್ಟು 75 ವರ್ಷದ ಮಹಿಳೆ ತೀರಿಕೊಂಡರು. ತಪ್ಪನ್ನು ತಾನೇ ಒಪ್ಪಿಕೊಂಡಿದ್ದರು. 2022ರಲ್ಲಿ ಕ್ರಿಮಿನಲ್ ಅಪರಾಧಿ ಎಂದು ತೀರ್ಪಾಯಿತು, ಜೈಲಿನ ಬದಲು ಮೂರು ವರ್ಷದ ಪ್ರೊಬೇಷನ್. ಇನ್ನು ಮುಂದೆ ಯಾರು ಬಾಯಿ ಬಿಡುತ್ತಾರೆ ಎಂದು ಅಲ್ಲಿಯ ನರ್ಸ್‌ಗಳು ಬೀದಿಗೆ ಇಳಿದರು.

ಕಪ್ಪು ಕೋಟು (ಚಿತ್ರದುರ್ಗ)

ಅದರ ಇನ್ನೊಂದು ಮುಖವನ್ನೂ ಹೇಳಿ. ಅದೇ ಅಮೆರಿಕದಲ್ಲಿ ಚಾರ್ಲ್ಸ್ ಕಲೆನ್ ಎಂಬ ನರ್ಸ್ 16 ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುತ್ತಾ ರೋಗಿಗಳನ್ನು ಕೊಂದ. ಸಂಶಯ ಬಂದ ಕಡೆ ಬಾಯಿ ಮುಚ್ಚಿಕೊಂಡು ಕಳುಹಿಸಿಕೊಟ್ಟರು. 2003ರಲ್ಲಿ ಸಿಕ್ಕಿಬಿದ್ದ, ಅದೂ ಸಹೋದ್ಯೋಗಿ ನರ್ಸ್ ಒಬ್ಬರ ನೆರವಿನಿಂದ. ನಮ್ಮಲ್ಲೂ ಪೆಥಿಡಿನ್ ಎಂಬ ಅಮಲಿನ ನೋವುನಿವಾರಕದ ಲೆಕ್ಕ ತಪ್ಪಿದರೆ "ರಾಜೀನಾಮೆ ಬರೆದುಕೊಟ್ಟು ಹೋಗು, ಅನುಭವ ಪತ್ರ ಕೊಡುತ್ತೇವೆ" ಎನ್ನುವವರಿದ್ದಾರೆ. ಕ್ಷಮೆ ತಪ್ಪಿಗೆ ಇರಲಿ, ಕಳ್ಳತನಕ್ಕೆ ಬೇಡ.

ಬಾಡಾ ಕ್ರಾಸ್

ಎಲ್ಲರೂ ಔಷಧಿ, ಚಾರ್ಟು ಎನ್ನುತ್ತಿದ್ದೀರಿ. ಗುಟ್ಟು ಕಾಯುವುದು ಎಲ್ಲಿ ಹೋಯಿತು? ನಮ್ಮ ಊರಿನ ಒಬ್ಬರಿಗೆ ಎಚ್‌ಐವಿ ಇತ್ತು. ಮಂಚದ ತಲೆದಿಂಬಿನ ಕಡೆ ದೊಡ್ಡದಾಗಿ ಕೆಂಪು ಚೀಟಿ ಅಂಟಿಸಿದ್ದರು, ಜೊತೆಗೆ ಆಯಾಗೆ ಜೋರಾಗಿ "ಆ ಪಾಸಿಟಿವ್ ಮಂಚ ಮುಟ್ಟಬೇಡ" ಎಂದರು. ಪಕ್ಕದ ಮಂಚದಲ್ಲಿ ನಮ್ಮೂರಿನವರೇ ಇದ್ದರು. ಡಿಸ್ಚಾರ್ಜ್ ಆಗಿ ಊರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಅವರ ಹೋಟೆಲಿಗೆ ಆ ಮೇಲೆ ಯಾರೂ ಹೋಗಲಿಲ್ಲ, ಆರು ತಿಂಗಳಲ್ಲಿ ಬಾಗಿಲು ಹಾಕಿದರು.

ಕಪ್ಪು ಕೋಟು (ಚಿತ್ರದುರ್ಗ)

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಹಾಗೆ ಬಹಿರಂಗಪಡಿಸುವುದು ಕಾನೂನುಬಾಹಿರ. ಮಕ್ಕಳಿಗೆ ಇದನ್ನು ಕಾಯ್ದೆಯಾಗಿ ಹೇಳಬೇಡಿ ಅಕ್ಕ, ಆ ಹೋಟೆಲಿನ ಕಥೆಯಾಗಿ ಹೇಳಿ.

ಮಂಡಕ್ಕಿ ಮಿರ್ಚಿ

ಹೋಟೆಲ್ ಎಂದದ್ದಕ್ಕೆ ನೆನಪಾಯಿತು, ಈಗೀಗ ಬೆಣ್ಣೆ ದೋಸೆಯಲ್ಲೂ ವೃತ್ತಿಧರ್ಮ ಉಳಿದಿಲ್ಲ. ಮೊನ್ನೆ ತಿಂದದ್ದರಲ್ಲಿ ಬೆಣ್ಣೆಯ ವಾಸನೆ ಇತ್ತು, ಬೆಣ್ಣೆ ಇರಲಿಲ್ಲ.

ಗಡಿಯಾರ ಕಂಬ

ಯಾವ ಹೋಟೆಲ್? ಸೌದೆ ಒಲೆಯದೋ, ಗ್ಯಾಸಿನದೋ?

ನಿಟ್ಟುವಳ್ಳಿ ನಿವಾಸಿ

ದಯವಿಟ್ಟು ದೋಸೆಗೆ ಬೇರೆ ಚರ್ಚೆ ತೆರೆಯಿರಿ.

ಐಸಿಯು ಬ್ರದರ್

ಅಕ್ಕ, ನನ್ನ ಅನುಭವದಿಂದ ಒಂದು ಸಲಹೆ. ಗಂಡು ನರ್ಸ್ ಆಗಿ ಹೆಣ್ಣು ರೋಗಿಯ ಬಳಿ ಹೋಗುವಾಗ ಪರದೆ ಎಳೆಯುವುದು, ಜೊತೆಗೆ ಸಿಸ್ಟರ್ ಒಬ್ಬರನ್ನು ನಿಲ್ಲಿಸಿಕೊಳ್ಳುವುದು, ಏನು ಮಾಡುತ್ತೇನೆ ಎಂದು ಮೊದಲು ಹೇಳುವುದು, ಇದನ್ನು ನನಗೆ ಯಾರೂ ಪುಸ್ತಕದಲ್ಲಿ ಕಲಿಸಲಿಲ್ಲ. ಒಬ್ಬ ಮಲಯಾಳಿ ಸೀನಿಯರ್ ಮಾಡುವುದನ್ನು ನೋಡಿ ಕಲಿತೆ. ಅವರಿಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ, "ಅಮ್ಮ, ನಾನು ಮುಟ್ಟಲಾ?" ಎಂಬ ಒಂದು ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದರು. ಕನ್ನಡ ಬರುವ ನಾವು ಅದನ್ನು ಕೇಳುತ್ತಲೇ ಇರಲಿಲ್ಲ.

ಹಳೇ ಇನ್‌ಚಾರ್ಜ್

ಬ್ರದರ್ ಹೇಳಿದ್ದು ಓದಿ ಅರುಣಾ ಶಾನಭಾಗ್ ನೆನಪಾದರು. ನಮ್ಮ ಹೊನ್ನಾವರದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರಿನಲ್ಲಿ ಅಲ್ಲಿಯ ನೌಕರನೇ ಅವರ ಮೇಲೆ ಎರಗಿದ, ಮೆದುಳಿಗೆ ಹಾನಿಯಾಗಿ ಅವರು ಮತ್ತೆ ಏಳಲಿಲ್ಲ. ಅಲ್ಲಿಂದ 2015ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ಪಾಳಿಯ ಮೇಲೆ ಪಾಳಿ ನೋಡಿಕೊಂಡರು. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ನರ್ಸ್‌ಗಳನ್ನು ಹೊಗಳಿತು. ಮೊದಲು ನೋಡಿಕೊಂಡವರು ನಿವೃತ್ತರಾದರು, ಅವರಾದ ಮೇಲೆ ಬಂದವರು ಅರುಣಾ ಮಾತಾಡಿದ್ದನ್ನು ಕೇಳಿದವರೇ ಅಲ್ಲ. ಆದರೂ ಮಗ್ಗುಲು ಬದಲಿಸುತ್ತಿದ್ದರು. ಹೊಸ ಹುಡುಗಿಗೆ ಹಳೆಯವಳು ತೋರಿಸಿಕೊಟ್ಟಳು, ಅವಳು ಇನ್ನೊಬ್ಬಳಿಗೆ.

ಹೊಳಲ್ಕೆರೆಯ ಅಪ್ಪ

ನನ್ನ ಮಗಳಿಗೆ ಹೊಡೆದವರಿಗೂ ಯಾರೋ ತೋರಿಸಿಕೊಟ್ಟಿರಬೇಕು ಹಾಗಾದರೆ.

ಹಳೇ ಇನ್‌ಚಾರ್ಜ್

ಹೌದು ಯಜಮಾನರೇ.

ಪಾಠದ ಅಕ್ಕ (ದಾವಣಗೆರೆ)

ಹನ್ನೆರಡು ದಿನದ ನಂತರ ಬರುತ್ತಿದ್ದೇನೆ. ಆದದ್ದನ್ನು ಹೇಳುತ್ತೇನೆ.

ದೂರು ಕೊಡಲಿಲ್ಲ. ತರಗತಿಯಲ್ಲಿ ಮೊದಲು ನನ್ನ ಸಹಿಯ ಕಥೆ ಹೇಳಿದೆ. ಹಿಂದಿನ ಬೆಂಚಿನಲ್ಲಿ ಮಲಗಿದ್ದವರೂ ಎದ್ದು ಕುಳಿತರು, ಮೇಡಂ ಕಳ್ಳತನ ಒಪ್ಪಿಕೊಳ್ಳುತ್ತಿದ್ದಾರೆ ಎಂದರೆ ಯಾರಿಗೆ ತಾನೇ ನಿದ್ರೆ ಬರುತ್ತದೆ? ಆಮೇಲೆ ಮೂರನೇ ವರ್ಷದ ಹುಡುಗಿ ಇಲ್ಲಿ ಕೇಳಿದ್ದನ್ನೇ ಮಾಡಿಸಿದೆ. ಒಬ್ಬಳು ಸಿಸ್ಟರ್, ಒಬ್ಬಳು ವಿದ್ಯಾರ್ಥಿನಿ, ಜೋಡಿಜೋಡಿಯಾಗಿ ನಿಂತು "ಆಗಲಿಲ್ಲ, ಖಾಲಿ ಬಿಟ್ಟಿದ್ದೇನೆ" ಎಂದು ಹೇಳುವ ಅಭ್ಯಾಸ. ಮೊದಲ ಸಲ ಎಲ್ಲರೂ ನಕ್ಕರು. ಐದಾರು ಸಲ ಆದ ಮೇಲೆ ಕೆಲವರ ದನಿ ಗಟ್ಟಿಯಾಯಿತು. ಒಬ್ಬಳಿಗೆ ಕೊನೆಯವರೆಗೂ ಬಾಯಿಂದ ಮಾತು ಹೊರಡಲಿಲ್ಲ.

ಆ ಹುಡುಗಿ ಮರುದಿನ ತಾನೇ ಬಂದು, ಚಾರ್ಟನ್ನು ತಿದ್ದಬಹುದೇ ಎಂದಳು. ಅಳಿಸಬಾರದು, ಬಿಳಿ ಬಣ್ಣ ಹಚ್ಚಬಾರದು. ಒಂದೇ ಗೆರೆ ಎಳೆದು, ಕೆಳಗಿನ ಅಂಕಿ ಓದುವಂತಿರಬೇಕು, ಪಕ್ಕದಲ್ಲಿ 'ತಪ್ಪು ನಮೂದು' ಎಂದು ಬರೆದು ದಿನ, ಸಮಯ, ಸಹಿ. ವಾರ್ಡಿನಲ್ಲಿ ಇನ್ನೂ ಇದ್ದವರ ಚಾರ್ಟುಗಳಲ್ಲಿ ಹಾಗೆ ಮಾಡಿದಳು. ಏಳು ಗೆರೆ. ನಾನು ಪಕ್ಕದಲ್ಲಿ ನಿಂತು ಸಹಿ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ಸಿಸ್ಟರ್ ನಮ್ಮ ಪ್ರಾಂಶುಪಾಲರಿಗೆ ಫೋನ್ ಮಾಡಿದ್ದರು. ನಿಮ್ಮ ಮಕ್ಕಳನ್ನು ಇನ್ನು ನಮ್ಮ ವಾರ್ಡಿಗೆ ಕಳುಹಿಸಬೇಡಿ, ದಾಖಲೆ ಕೆಡಿಸುತ್ತಾರೆ ಎಂದರಂತೆ. ಪ್ರಾಂಶುಪಾಲರು ನನ್ನನ್ನು ಕರೆದು ಅರ್ಧ ಗಂಟೆ ಕೂರಿಸಿದರು. ಕಾರ್ಯಕ್ರಮ ನಡೆಯುತ್ತದೆ, ಶಾಲು ಬಂದಿದೆ. ಪ್ರತಿಜ್ಞೆ ಮಾತ್ರ ಬದಲಾಯಿಸಲು ಒಪ್ಪಿದ್ದಾರೆ, ಎಂ.ಎಸ್ಸಿ. ತಂಗಿಗೆ ಧನ್ಯವಾದ.

ಸೋಮವಾರದಿಂದ ಮಕ್ಕಳು ಬೇರೆ ವಾರ್ಡಿಗೆ.

ರಾತ್ರಿ ಪಾಳಿ

ಆ ಸಿಸ್ಟರ್‌ಗೆ ಈಗ ಆ ವಾರ್ಡಿನಲ್ಲಿ ವಿದ್ಯಾರ್ಥಿಗಳೂ ಇಲ್ಲ. 38 ಜನರಿಗೆ ಅವರೊಬ್ಬರೇ. ಅದನ್ನೂ ಯೋಚಿಸಿ.

ಪಾಠದ ಅಕ್ಕ (ದಾವಣಗೆರೆ)

ಯೋಚಿಸಿದ್ದೇನೆ. ನಿನ್ನೆ ಅವರನ್ನು ನೋಡಲು ಹೋಗಿದ್ದೆ. ಮಾತಾಡಲಿಲ್ಲ. ಚಹಾ ಮಾತ್ರ ತರಿಸಿದರು.

ಮಂಡಕ್ಕಿ ಮಿರ್ಚಿ

ಸೋಮವಾರದಿಂದ ಯಾವ ವಾರ್ಡು?

ಪಾಠದ ಅಕ್ಕ (ದಾವಣಗೆರೆ)

ಹೆರಿಗೆ ವಾರ್ಡು.

ಹೊಳಲ್ಕೆರೆಯ ಅಪ್ಪ

ಮೇಡಂ, ಒಂದು ವಿಷಯ. ಹಣ ಕೇಳುವುದು ಹೆರಿಗೆ ಕೊಠಡಿಯ ಒಳಗಲ್ಲ. ಹೊರಗೆ, ಎರಡನೇ ಬಾಗಿಲಿನ ಹತ್ತಿರ, ನೀರಿನ ಡ್ರಮ್ಮು ಇಟ್ಟಿರುತ್ತಾರಲ್ಲ, ಅಲ್ಲಿ. ಮಗುವನ್ನು ಹೊರಗೆ ತರುವಾಗ ನಿಮ್ಮ ಹುಡುಗಿಯರಲ್ಲಿ ಒಬ್ಬಳನ್ನು ಅಲ್ಲಿ ನಿಲ್ಲಿಸಿ.